ತೊಗರಿ ಕೀಡೆ ಔಷಧಕ್ಕೆ ಬಗ್ಗದಿದ್ದರೆ: ಹೊಲದಿಂದ ಅಂಗಡಿಯವರೆಗೆ ಮಾಡಬೇಕಾದ್ದು

ನವೆಂಬರ್ ಬಂತೆಂದರೆ ಸಿಂದಗಿ, ಇಂಡಿ, ಬಸವನ ಬಾಗೇವಾಡಿಯ ಔಷಧ ಅಂಗಡಿಗಳ ಮುಂದೆ ಒಂದೇ ದೂರು: ಮೂರು ಸಲ ಎಣ್ಣೆ (ಕೀಟನಾಶಕ) ಹೊಡೆದರೂ ತೊಗರಿಯ ಕೀಡೆ ಸಾಯುತ್ತಿಲ್ಲ. ಅಂಗಡಿಯಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ, ಇನ್ನೊಂದು ಬಾಟಲಿ. ಅದೂ ಕೈಕೊಟ್ಟರೆ ಎರಡನ್ನೂ ಕೂಡಿಸಿ ಹೊಡೆಯುವ ಸಲಹೆ. ರಾಶಿ ಮುಗಿಸಿ ಲೆಕ್ಕಕ್ಕೆ ಕುಳಿತಾಗ ಉದ್ರಿಯೇ ದೊಡ್ಡದಾಗಿರುತ್ತದೆ.

ವಿಜಯಪುರ ಜಿಲ್ಲೆಯ ಎರೆಹೊಲದ ತೊಗರಿ ಮತ್ತು ಕಡಲೆಯನ್ನು ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಸವದತ್ತಿ, ಬೈಲಹೊಂಗಲದ ಹತ್ತಿಯವರಿಗೂ ಕೊಲ್ಹಾರದ ಉಳ್ಳಾಗಡ್ಡಿಯವರಿಗೂ ಬೇಕಾದದ್ದನ್ನು ನಡುನಡುವೆ ಹೇಳಿದ್ದೇನೆ.

ಕೀಡೆಗೆ ರೂಢಿಯಾಗುವುದಿಲ್ಲ, ಎಣ್ಣೆಯೇ ಆರಿಸಿ ಉಳಿಸುತ್ತದೆ

ಎಣ್ಣೆ ಕುಡಿದು ಕುಡಿದು ಕೀಡೆ ಗಟ್ಟಿಯಾಯಿತು ಎಂದು ಹಲವರು ತಿಳಿದಿದ್ದಾರೆ. ಒಂದು ಕೀಡೆಯ ಬದುಕಿನಲ್ಲಿ ಅಂಥದ್ದು ನಡೆಯುವುದಿಲ್ಲ. ಹೊಲದಲ್ಲಿರುವ ಲಕ್ಷಾಂತರ ಕೀಡೆಗಳಲ್ಲಿ ಕೆಲವು ಹುಟ್ಟುವಾಗಲೇ ಆ ವಿಷವನ್ನು ತಾಳುವ ಗುಣ ಪಡೆದಿರುತ್ತವೆ. ಸಿಂಪಡಣೆ ಉಳಿದವನ್ನು ಕೊಂದು ಇವಕ್ಕೆ ಹೊಲ ಬಿಟ್ಟುಕೊಡುತ್ತದೆ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಹೊಲದಲ್ಲಿ 1,00,000 ಕೀಡೆಗಳಿವೆ, ಅವುಗಳಲ್ಲಿ 100 ಮಾತ್ರ ಆ ಔಷಧಕ್ಕೆ ಸಾಯದವು. ಮೊದಲ ಸಿಂಪಡಣೆ ಸಾಮಾನ್ಯ ಕೀಡೆಗಳಲ್ಲಿ ನೂರಕ್ಕೆ 95ನ್ನು ಕೊಂದಿತು. ಉಳಿದದ್ದು ಸುಮಾರು 5,100; ಅದರಲ್ಲಿ ಆ 100 ಹಾಗೆಯೇ ಇವೆ. ಮುಂದಿನ ತಲೆಮಾರಿಗೆ ಮತ್ತೆ ಲಕ್ಷವಾದರೆ ಸಾಯದವು ಸುಮಾರು 2,000. ಅದೇ ಎಣ್ಣೆಯನ್ನು ಮತ್ತೆ ಹೊಡೆಯಿರಿ, ಉಳಿಯುವುದು ಸುಮಾರು 6,900. ಮೂರನೆಯ ಸಲ 32,000 ಉಳಿಯುತ್ತವೆ. ನಾಲ್ಕನೆಯ ಸಲ ಹತ್ತಕ್ಕೆ ಒಂಬತ್ತು ಕೀಡೆ ಬದುಕಿರುತ್ತವೆ.

ಈ ಲೆಕ್ಕದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಮೊದಲ ಎರಡು ಸಾಲು. ಒಮ್ಮೆ ನೂರಕ್ಕೆ ಐದು ಉಳಿದವು, ಮರುಸಲ ಏಳು. ಈ ವ್ಯತ್ಯಾಸ ಯಾವ ರೈತನ ಕಣ್ಣಿಗೂ ಬೀಳುವುದಿಲ್ಲ. ‘ಔಷಧ ಚೆನ್ನಾಗಿದೆ, ಇದನ್ನೇ ಕೊಡಿ’ ಎಂದು ಕೇಳಿ ತರುವ ಹೊತ್ತಿನಲ್ಲೇ ಕೆಲಸ ಕೆಟ್ಟಿರುತ್ತದೆ. ಕಣ್ಣಿಗೆ ಬಿದ್ದ ಮೇಲೆ ಎಚ್ಚೆತ್ತುಕೊಳ್ಳುವುದು ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದ್ದರಿಂದ ಔಷಧವನ್ನು ಬದಲಿಸಬೇಕಾದದ್ದು ಅದು ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ.

ನಿಜವಾದ ಹೊಲದಲ್ಲಿ ಇದು ಇಷ್ಟು ಬೇಗ ನಡೆಯದಿರಲು ಒಂದು ಕಾರಣವಿದೆ. ಬದುಕುಳಿದ ಪತಂಗಗಳು ಎಣ್ಣೆ ಬೀಳದ ಕಡೆಯಿಂದ ಬಂದ ಸಾಮಾನ್ಯ ಪತಂಗಗಳೊಂದಿಗೆ ಕೂಡುತ್ತವೆ, ಆ ಗುಣ ತೆಳುವಾಗುತ್ತದೆ. ಕೀಡೆ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವ ಬಿಟಿ ಹತ್ತಿಯ ಜೊತೆಗೆ ಬಿಟಿಯಲ್ಲದ ಬೀಜವನ್ನೂ ಕೊಟ್ಟು ಸುತ್ತ ಬಿತ್ತಿರಿ ಎಂದು ಹೇಳಿದ್ದರ ಹಿಂದಿನ ವಿಚಾರ ಇದೇ. ಆ ಚಿಕ್ಕ ಪೊಟ್ಟಣವನ್ನು ಬದುವಿಗೆಸೆದವರೇ ಹೆಚ್ಚು. ಗುಲಾಬಿ ಕಾಯಿಕೊರಕ ಮೊದಲ ಬಿಟಿ ತಳಿಗೆ ಬಗ್ಗುತ್ತಿಲ್ಲವೆಂಬುದು ಗುಜರಾತಿನಿಂದ 2010ರಲ್ಲಿ ವರದಿಯಾಯಿತು. ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ.

ವಿಷವನ್ನು ತಾಳುವ ದಾರಿಗಳು ಹಲವು. ಕೆಲವು ಕೀಡೆಗಳ ಹೊಟ್ಟೆಯ ಕಿಣ್ವಗಳು ವಿಷವನ್ನು ಒಡೆದು ಹೊರಹಾಕುತ್ತವೆ. ಕೆಲವಲ್ಲಿ ವಿಷ ಹೋಗಿ ಕೂರಬೇಕಾದ ನರದ ಜಾಗವೇ ಸ್ವಲ್ಪ ಬದಲಾಗಿರುತ್ತದೆ. ಕೆಲವಕ್ಕೆ ಚರ್ಮ ದಪ್ಪ, ವಿಷ ಒಳಗಿಳಿಯುವುದು ನಿಧಾನ. ಒಂದು ವಿಷವನ್ನು ಈ ಬಗೆಯಲ್ಲಿ ಗೆದ್ದ ಕೀಡೆ ಅದೇ ಕುಟುಂಬದ ಇನ್ನೊಂದು ವಿಷವನ್ನು ಮೊದಲ ಸಲ ಕಂಡಾಗಲೂ ಸಾಮಾನ್ಯವಾಗಿ ಸಾಯುವುದಿಲ್ಲ. ಅಂಗಡಿಯ ‘ಹೊಸ ಔಷಧ’ ಹಲವು ಸಲ ಕೆಲಸ ಮಾಡದಿರುವುದಕ್ಕೆ ಇದು ಕಾರಣ.

ಇದು ಇಂದು ನಿನ್ನೆಯದಲ್ಲ. ಹಣ್ಣಿನ ಗಿಡದ ಶಲ್ಕ ಕೀಟವೊಂದು ಸುಣ್ಣ-ಗಂಧಕದ ದ್ರಾವಣಕ್ಕೆ ಸಾಯುತ್ತಿಲ್ಲವೆಂದು ಅಮೆರಿಕದಲ್ಲಿ ಮೆಲಾಂಡರ್ ಎಂಬ ವಿಜ್ಞಾನಿ 1914ರಲ್ಲೇ ಬರೆದಿದ್ದರು. ನಮಗೆ ಹತ್ತಿರದ ಪಾಠ 1987ರದು. ಆಂಧ್ರದ ಗುಂಟೂರು ಸೀಮೆಯ ಹತ್ತಿಯಲ್ಲಿ ಪೈರೆಥ್ರಾಯ್ಡ್ ಔಷಧಗಳನ್ನು ಮೇಲಿಂದ ಮೇಲೆ ಹೊಡೆದರೂ ಕಾಯಿಕೊರಕ ನಿಲ್ಲಲಿಲ್ಲ, ಬೆಳೆ ಹೋಯಿತು. ನಮ್ಮ ತೊಗರಿಯನ್ನೂ ಕಡಲೆಯನ್ನೂ ತಿನ್ನುವುದು ಅದೇ ಜಾತಿಯ ಕೀಡೆ.

ಹೆಜ್ಜೆ 1: ತಪ್ಪು ಕೀಡೆಯದೋ ಪಂಪಿನದೋ ನೋಡಿ

ಕೀಡೆ ಸಾಯದಿದ್ದುದಕ್ಕೆಲ್ಲ ನಿರೋಧಕ ಶಕ್ತಿಯೇ ಕಾರಣವಲ್ಲ. ಮೊದಲು ಕಾಯಿ ಕಿತ್ತು ನೋಡಿ. ಕಾಯಿಯಲ್ಲಿ ದುಂಡನೆಯ ರಂಧ್ರ, ಕೀಡೆಯ ತಲೆ ಒಳಗೆ, ಅರ್ಧ ಮೈ ಹೊರಗೆ ಇದ್ದರೆ ಅದು ಹೆಲಿಕೋವರ್ಪ, ನಾವು ಹಸಿರು ಕೀಡೆ ಎನ್ನುವುದು. ಹೂ, ಎಲೆ, ಕಾಯಿ ಸೇರಿಸಿ ಬಲೆ ಹೆಣೆದಿದ್ದರೆ ಅದು ಬೇರೆ ಕೊರಕ. ಎಣ್ಣೆ ಆ ಗೂಡಿನೊಳಗೆ ಹೋಗಿರುವುದೇ ಇಲ್ಲ. ಹೊರಗೆ ತೂತೇ ಕಾಣದೆ ಒಳಗೆ ಕಾಳಿನ ಮೇಲೆ ಬಿಳಿ ಮರಿಹುಳು ಇದ್ದರೆ ಕಾಯಿ ನೊಣ. ಕೀಡೆಗೆಂದು ತಂದ ಔಷಧ ಇದರ ಮೇಲೆ ಕೆಲಸ ಮಾಡಲಿಲ್ಲವೆಂದರೆ ಅದು ಔಷಧದ ತಪ್ಪಲ್ಲ.

ಕೀಡೆಯ ಗಾತ್ರವನ್ನೂ ನೋಡಬೇಕು. ಅರ್ಧ ಇಂಚು ದಾಟದ ಮರಿಯನ್ನು ಕೊಲ್ಲುವ ಪ್ರಮಾಣ ಒಂದೂವರೆ ಇಂಚಿನ ಬಲಿತ ಕೀಡೆಗೆ ಸಾಲದು. ಬಲಿತದ್ದು ವಿಷವನ್ನು ಒಡೆಯುವುದರಲ್ಲೂ ಮುಂದು, ಕಾಯಿಯೊಳಗೆ ತಲೆ ಇಟ್ಟು ತಪ್ಪಿಸಿಕೊಳ್ಳುವುದರಲ್ಲೂ ಮುಂದು.

ಇನ್ನು ನೀರು. ನಮ್ಮ ಕಡೆಯ ಎಷ್ಟೋ ಕೊಳವೆಬಾವಿಗಳ ನೀರು ಗಡಸು, ಕ್ಷಾರ. ಕ್ವಿನಾಲ್‌ಫಾಸ್, ಕ್ಲೋರ್‌ಪೈರಿಫಾಸ್‌ನಂಥ ಔಷಧಗಳು ಕ್ಷಾರ ನೀರಿನಲ್ಲಿ ಒಡೆದು ಸತ್ವ ಕಳೆದುಕೊಳ್ಳುತ್ತವೆ. ಬ್ಯಾರಲ್‌ನಲ್ಲಿ ಸಂಜೆ ಕಲಸಿಟ್ಟು ಮುಂಜಾನೆ ಹೊಡೆಯುವ ರೂಢಿಯನ್ನು ಬಿಡಿ. ಕಲಸಿದ ಕೂಡಲೇ ಹೊಡೆಯಿರಿ, ಸಿಹಿನೀರು ಸಿಕ್ಕರೆ ಅದನ್ನೇ ಬಳಸಿ.

ಪಂಪಿನ ಲೆಕ್ಕ ಇದಕ್ಕಿಂತ ದೊಡ್ಡ ತಪ್ಪು. ತೊಗರಿಗೆ ಕ್ಲೋರಾಂಟ್ರನಿಲಿಪ್ರೋಲ್ 18.5 ಎಸ್‌ಸಿ ಎಂಬ ಕೀಟನಾಶಕ ಎಕರೆಗೆ 60 ಮಿ.ಲೀ. ಬೇಕು. ಎಕರೆಗೆ 200 ಲೀಟರ್ ನೀರೆಂದರೆ 16 ಲೀಟರಿನ ಪಂಪು ಹನ್ನೆರಡರಿಂದ ಹದಿಮೂರು, ಪಂಪಿಗೆ ಸುಮಾರು 5 ಮಿ.ಲೀ. ರೈತರು ‘ಪಂಪಿಗೆ ಐದು’ ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಕೂಲಿ ಉಳಿಸಲು ಆರು ಪಂಪಿನಲ್ಲಿ ಎಕರೆ ಮುಗಿಸುತ್ತಾರೆ. ಬಿದ್ದದ್ದು 30 ಮಿ.ಲೀ., ಅಂದರೆ ಅರ್ಧ. ಎದೆಯೆತ್ತರ ಬೆಳೆದ ತೊಗರಿಯ ಮೇಲೆ ಅಷ್ಟು ನೀರು ನಡುಗೊಂಬೆಗಳನ್ನೂ ಮುಟ್ಟುವುದಿಲ್ಲ. ಅರೆಬರೆ ತಾಳುವ ಕೀಡೆಗಳು ಇಂಥ ಅರ್ಧ ಪ್ರಮಾಣದಲ್ಲಿಯೇ ಬದುಕಿ ಸಂತಾನ ಬೆಳೆಸುತ್ತವೆ.

ಹಾಗೆಂದು ಇಮ್ಮಡಿ ಹಾಕುವುದೂ ಸಲ್ಲದು. ಅದಕ್ಕೂ ಸಾಯದ ಅತಿ ಗಟ್ಟಿ ಕೀಡೆಗಳಷ್ಟೇ ಉಳಿಯುತ್ತವೆ, ಜೊತೆಗೆ ಅವನ್ನು ತಿನ್ನುವ ಜೇಡ, ಕಣಜಗಳೂ ಹೋಗುತ್ತವೆ. ತಿಕೋಟಾ ಕಡೆಯ ದ್ರಾಕ್ಷಿಯವರಿಗೆ ಇದನ್ನು ಹೇಳಬೇಕಾಗಿಲ್ಲ. ಹಣ್ಣಿನಲ್ಲಿ ವಿಷದ ಶೇಷ ಹೆಚ್ಚಾದರೆ ರಫ್ತು ತಿರಸ್ಕಾರವಾಗುವುದು ಅವರಿಗೆ ಗೊತ್ತು.

ಹೆಜ್ಜೆ 2: ಮನೆಯಲ್ಲೇ ಪರೀಕ್ಷೆ

ಸಿಂಪಡಣೆ ಸರಿಯಾಗಿದ್ದೂ ಸಂಶಯ ಉಳಿದರೆ ಒಂದು ಸರಳ ಪರೀಕ್ಷೆ ಇದೆ. ಎಣ್ಣೆ ಬೀಳದ ಸಾಲಿನಿಂದ ಒಂದೇ ಗಾತ್ರದ ನಲವತ್ತು ಸಣ್ಣ ಕೀಡೆಗಳನ್ನು ಹಿಡಿಯಿರಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲೋಟದಲ್ಲಿ ಇಡಬೇಕು, ಯಾಕೆಂದರೆ ಈ ಜಾತಿ ಒಂದನ್ನೊಂದು ತಿನ್ನುತ್ತದೆ. ಒಟ್ಟಿಗಿಟ್ಟರೆ ಬೆಳಗಾಗುವಷ್ಟರಲ್ಲಿ ಲೆಕ್ಕ ಕೆಡುತ್ತದೆ. ತೊಗರಿಯ ಎಳೆಯ ಎಲೆ, ಕಾಯಿಗಳನ್ನು ಲೇಬಲ್ಲಿನ ಪ್ರಮಾಣದಲ್ಲಿ ಕಲಸಿದ ದ್ರಾವಣದಲ್ಲಿ ಹತ್ತು ಸೆಕೆಂಡು ಅದ್ದಿ ನೆರಳಿನಲ್ಲಿ ಒಣಗಿಸಿ ಇಪ್ಪತ್ತು ಲೋಟಗಳಿಗೆ ಹಾಕಿ. ಉಳಿದ ಇಪ್ಪತ್ತಕ್ಕೆ ಬರೀ ನೀರಿನಲ್ಲಿ ಅದ್ದಿದ್ದು. ಕೈಗವಸು ಬೇಕೇ ಬೇಕು, ಲೋಟಗಳನ್ನು ಆಮೇಲೆ ಹೂಳಿಬಿಡಿ.

ಮೂರು ದಿನ ಬಿಟ್ಟು ಕಡ್ಡಿಯಿಂದ ಮುಟ್ಟಿ. ನಡೆಯಲಾರದೆ ಸೆಟೆದು ಬಿದ್ದದ್ದನ್ನು ಸತ್ತದ್ದೆಂದೇ ಎಣಿಸಿ. ನೀರಿನ ಲೋಟಗಳಲ್ಲಿಯೂ ಬಹಳ ಸತ್ತಿದ್ದರೆ ಪರೀಕ್ಷೆಯೇ ಕೆಟ್ಟಿದೆ, ಮತ್ತೆ ಮಾಡಿ. ಅಲ್ಲಿ ಎಲ್ಲವೂ ಬದುಕಿದ್ದು, ಔಷಧದ ಲೋಟಗಳಲ್ಲಿಯೂ ಅರ್ಧದಷ್ಟು ಓಡಾಡುತ್ತಿದ್ದರೆ ಆ ಔಷಧದ ಆಸೆ ಬಿಡಬೇಕು, ಇಲ್ಲವೇ ಬಾಟಲಿಯೇ ನಕಲಿ. ಬಿಲ್ಲು, ಬಾಟಲಿ, ಬದುಕಿದ ಕೀಡೆ ಮೂರನ್ನೂ ಹಿಟ್ಟಿನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಇಂಡಿ, ಬಾಗಲಕೋಟೆ, ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪ, ಗೋಕಾಕ ಕಡೆಯ ತುಕ್ಕಾನಟ್ಟಿಯಲ್ಲಿಯೂ ಇಂಥ ಕೇಂದ್ರಗಳಿವೆ. ನೊವಾಲ್ಯುರಾನ್‌ನಂಥವು ಕೀಡೆ ಪೊರೆ ಕಳಚುವಾಗ ಕೊಲ್ಲುವ ಔಷಧಗಳು. ಅವಕ್ಕೆ ಮೂರು ದಿನ ಸಾಲದು, ಒಂದು ವಾರ ಕಾಯಿರಿ.

ಹೆಜ್ಜೆ 3: ಬ್ರ್ಯಾಂಡ್ ಬಿಟ್ಟು ಕುಟುಂಬ ನೋಡಿ

ಬಾಟಲಿಯ ದೊಡ್ಡ ಅಕ್ಷರ ಕಂಪನಿಯ ಹೆಸರು. ನಿಮಗೆ ಬೇಕಾದದ್ದು ಅದರ ಕೆಳಗಿನ ಸಣ್ಣ ಅಕ್ಷರದ ತಾಂತ್ರಿಕ ಹೆಸರು. ಕಣ್ಣಿಗೆ ಕಾಣದಿದ್ದರೆ ಮೊಬೈಲಿನಲ್ಲಿ ಫೋಟೊ ತೆಗೆದು ಹಿಗ್ಗಿಸಿ ಓದಿ. ಕ್ಲೋರಾಂಟ್ರನಿಲಿಪ್ರೋಲ್‌ನ ಪೇಟೆಂಟ್ ಅವಧಿ 2022ರಲ್ಲಿ ಮುಗಿದ ಮೇಲೆ ಹತ್ತಾರು ಕಂಪನಿಗಳು ಅದನ್ನೇ ಬೇರೆ ಬೇರೆ ಹೆಸರಿನಲ್ಲಿ ಮಾರುತ್ತಿವೆ. ಮೂರು ಬ್ರ್ಯಾಂಡ್ ಬದಲಿಸಿದೆ ಎನ್ನುವವರು ಒಂದೇ ಔಷಧವನ್ನು ಮೂರು ಸಲ ಹೊಡೆದಿರಬಹುದು.

ಜಗತ್ತಿನಾದ್ಯಂತ ಕೀಟನಾಶಕಗಳಿಗೆ ಅವು ಕೊಲ್ಲುವ ಬಗೆಯ ಮೇಲೆ ಗುಂಪಿನ ಸಂಖ್ಯೆ ಕೊಟ್ಟಿದ್ದಾರೆ; ಕುಟುಂಬ ಎಂದದ್ದು ಈ ಗುಂಪನ್ನೇ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವವು ಇವು. ಬರೆದು ಗೋಡೆಗೆ ಅಂಟಿಸಿಕೊಳ್ಳಿ.

- ಗುಂಪು 1: ಕ್ಲೋರ್‌ಪೈರಿಫಾಸ್, ಕ್ವಿನಾಲ್‌ಫಾಸ್, ಪ್ರೊಫೆನೊಫಾಸ್. ಥಯೋಡಿಕಾರ್ಬ್ ಕೂಡ ಇಲ್ಲಿಯದೇ.
- ಗುಂಪು 3: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಲ್ಯಾಂಬ್ಡಾ ಸೈಹಲೊಥ್ರಿನ್, ಫೆನ್‌ವಲರೇಟ್.
- ಗುಂಪು 4: ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಅಸಿಟಾಮಿಪ್ರಿಡ್. ಇವು ರಸ ಹೀರುವ ಕೀಟಗಳಿಗೆ.
- ಗುಂಪು 5: ಸ್ಪಿನೋಸಾಡ್, ಸ್ಪಿನೆಟೊರಾಮ್.
- ಗುಂಪು 6: ಎಮಾಮೆಕ್ಟಿನ್ ಬೆಂಜೊಯೇಟ್, ಅಬಾಮೆಕ್ಟಿನ್.
- ಗುಂಪು 15: ನೊವಾಲ್ಯುರಾನ್, ಲುಫೆನ್ಯುರಾನ್.
- ಗುಂಪು 22: ಇಂಡಾಕ್ಸಾಕಾರ್ಬ್.
- ಗುಂಪು 28: ಕ್ಲೋರಾಂಟ್ರನಿಲಿಪ್ರೋಲ್, ಫ್ಲುಬೆಂಡಿಯಾಮೈಡ್, ಸಯಾಂಟ್ರನಿಲಿಪ್ರೋಲ್.

ಬಾಟಲಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಕ್ಕೂ ಈ ಗುಂಪುಗಳಿಗೂ ಸಂಬಂಧವಿಲ್ಲ. ಬಣ್ಣ ಹೇಳುವುದು ಅದು ಮನುಷ್ಯನಿಗೆ ಎಷ್ಟು ವಿಷವೆಂಬುದನ್ನು. ಹಳದಿಯಿಂದ ನೀಲಿಗೆ ಹೋದರೆ ಔಷಧ ಬದಲಾಯಿತೆಂದು ತಿಳಿಯಬೇಡಿ.

ಎರಡು ಔಷಧ ಕೂಡಿಸಿಯೇ ಬರುವ ಬಾಟಲಿಗಳನ್ನು ಎರಡೂ ಗುಂಪಿನ ಲೆಕ್ಕಕ್ಕೆ ಹಾಕಿ. ಪ್ರೊಫೆನೊಫಾಸ್ 40 ಮತ್ತು ಸೈಪರ್‌ಮೆಥ್ರಿನ್ 4 ಇರುವುದನ್ನು ಹೊಡೆದರೆ 1 ಮತ್ತು 3 ಎರಡೂ ಖರ್ಚಾದವು. ಹತ್ತಿಯ ಬೀಜದಲ್ಲಿಯೂ ಹೀಗೊಂದು ಒಳಸುಳಿ ಇದೆ. ಬಿಟಿ ಬೀಜಕ್ಕೆ ಸಾಮಾನ್ಯವಾಗಿ ಇಮಿಡಾಕ್ಲೋಪ್ರಿಡ್ ಲೇಪಿಸಿಯೇ ಕೊಟ್ಟಿರುತ್ತಾರೆ. ತಿಂಗಳೊಳಗೆ ಜಿಗಿಹುಳು ಬಂತೆಂದು ಅದನ್ನೇ ಸಿಂಪಡಿಸಿದರೆ ಗುಂಪು 4ಕ್ಕೆ ಅದು ಎರಡನೆಯ ಸರದಿ.

ತಾಂತ್ರಿಕ ಹೆಸರೇ ಇಲ್ಲದ, ‘ಜೈವಿಕ’ ಎಂದಷ್ಟೇ ಬರೆದ ಬಾಟಲಿಗಳನ್ನು ನಾನಂತೂ ಮನೆಗೆ ತರಬೇಡಿ ಎನ್ನುತ್ತೇನೆ. ಒಳಗೆ ಏನಿದೆಯೆಂದು ಗೊತ್ತಿಲ್ಲದಿದ್ದರೆ ಯಾವ ಗುಂಪು ಖರ್ಚಾಯಿತೆಂಬ ಲೆಕ್ಕವೇ ತಪ್ಪುತ್ತದೆ.

ಹೆಜ್ಜೆ 4: ಸರದಿಯನ್ನು ತಲೆಮಾರಿಗೆ ಕಟ್ಟಿ

ಗುಂಪು ಬದಲಿಸಬೇಕು ಎಂಬುದನ್ನು ಕೇಳಿದವರು ಬಹಳ ಮಂದಿ ಇದ್ದಾರೆ, ಯಾವಾಗ ಬದಲಿಸಬೇಕು ಎಂಬಲ್ಲಿ ಎಡವುತ್ತಾರೆ. ಹಸಿರು ಕೀಡೆಯ ಮೊಟ್ಟೆ ಒಡೆಯಲು ಮೂರು-ನಾಲ್ಕು ದಿನ, ಕೀಡೆಯಾಗಿ ಎರಡು-ಮೂರು ವಾರ, ಮಣ್ಣಿನಲ್ಲಿ ಕೋಶವಾಗಿ ಎರಡು ವಾರದಷ್ಟು. ಒಟ್ಟು ಒಂದು ತಲೆಮಾರಿಗೆ ತಿಂಗಳು, ಚಳಿಯಲ್ಲಿ ಇನ್ನೂ ಹೆಚ್ಚು. ತಾಯಿಗೆ ಬಿದ್ದ ಗುಂಪು ಮಗಳಿಗೆ ಬೀಳಬಾರದು ಎಂಬುದೇ ನಿಯಮ. ಒಂದು ಗುಂಪನ್ನು ಬಳಸಿದರೆ ಆ ತಿಂಗಳೊಳಗೆ ಮುಗಿಸಿ, ಮರುತಿಂಗಳು ಅದನ್ನು ಮುಟ್ಟಬೇಡಿ.

ನಮ್ಮಲ್ಲಿ ತೊಗರಿ ಮೊಗ್ಗಿನಿಂದ ಕಾಯಿ ಬಲಿಯುವವರೆಗೆ ಎರಡು ತಲೆಮಾರು ಹಾದುಹೋಗುತ್ತವೆ. ಅಲ್ಲಿಂದ ಎದ್ದ ಪತಂಗ ಪಕ್ಕದ ಹಿಂಗಾರಿ ಕಡಲೆಗೆ ಇಳಿಯುತ್ತದೆ. ತೊಗರಿಗೊಂದು ಯೋಜನೆ, ಕಡಲೆಗೊಂದು ಯೋಜನೆ ಮಾಡಿದರೆ ಕೀಡೆಗೆ ಅದು ಒಂದೇ ಹೊಲ. ಆದ್ದರಿಂದ ಎರಡನ್ನೂ ಸೇರಿಸಿ ಬರೆದುಕೊಳ್ಳಿ. ಮೊಗ್ಗು ಕಂಡಾಗ ಬೇವಿನ ಕಷಾಯ. ಹೂವಿನ ಹೊತ್ತಿನಲ್ಲಿ ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಕೀಡೆ ಸಿಕ್ಕರೆ ಎಮಾಮೆಕ್ಟಿನ್. ತಿಂಗಳ ಬಳಿಕ ಕಾಯಿಯಲ್ಲಿ ಮತ್ತೆ ಸಣ್ಣ ಕೀಡೆ ಕಂಡರೆ ಕ್ಲೋರಾಂಟ್ರನಿಲಿಪ್ರೋಲ್, ಒಮ್ಮೆ ಮಾತ್ರ. ಕಡಲೆಯಲ್ಲಿ ಒಂದು ಮೀಟರ್ ಸಾಲಿಗೆ ಒಂದು ಕೀಡೆ ಮುಟ್ಟಿದಾಗ ತೊಗರಿಯಲ್ಲಿ ಕೊನೆಗೆ ಹೊಡೆದದ್ದನ್ನು ಬಿಟ್ಟು ಬೇರೆಯದು, ಮರಿ ಇರುವಾಗಲೇ ಆದರೆ ನೊವಾಲ್ಯುರಾನ್. ಯಾವ ಬೆಳೆಗೆ ಒಪ್ಪಿಗೆಯಿದೆ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕು ಎಂಬುದನ್ನು ಲೇಬಲ್ಲಿನಲ್ಲೇ ನೋಡಿ.

ಪೈರೆಥ್ರಾಯ್ಡ್‌ಗಳು (ಗುಂಪು 3) ಅಗ್ಗವೆಂದು ಮೊದಲಿಗೇ ಕೈ ಹಾಕುತ್ತಾರೆ. ಈ ಕೀಡೆ ಅವನ್ನು ಗೆದ್ದು ದಶಕಗಳಾದವು. ಹತ್ತಿಯಲ್ಲಂತೂ ಆರಂಭದಲ್ಲೇ ಹೊಡೆದರೆ ಬಿಳಿನೊಣ ಕೆರಳುತ್ತದೆ.

ಉಳ್ಳಾಗಡ್ಡಿಯ ಥ್ರಿಪ್ಸ್ ಎಂಬ ಸಣ್ಣ ಕೀಟದ ಲೆಕ್ಕ ಇನ್ನೂ ಬಿಗಿ. ಅದರ ತಲೆಮಾರು ಎರಡು-ಮೂರು ವಾರದಲ್ಲಿ ಮುಗಿಯುತ್ತದೆ. ಫಲಿತವಾಗದ ಮೊಟ್ಟೆಯಿಂದಲೂ ಮರಿ ಹುಟ್ಟುವುದರಿಂದ ಅಂಥ ಮರಿಗೆ ತಾಯಿಯ ವಂಶವಾಹಿಗಳು ಮಾತ್ರ ಬರುತ್ತವೆ. ವಿಷ ತಾಳುವ ಗುಣವನ್ನು ತೆಳುವಾಗಿಸಲು ಇನ್ನೊಂದು ಪಾಲು ಇಲ್ಲ. ತಲೆಮಾರು ಚಿಕ್ಕದಾದಷ್ಟೂ ಗುಂಪು ಬದಲಿಸುವ ಅವಧಿಯೂ ಚಿಕ್ಕದಾಗಬೇಕು.

ಹೆಜ್ಜೆ 5: ಎಣ್ಣೆಯ ಸಂಖ್ಯೆಯನ್ನೇ ಇಳಿಸಿ

ಹೊಡೆಯದ ಎಣ್ಣೆಗೆ ಯಾವ ಕೀಡೆಯೂ ನಿರೋಧಕ ಶಕ್ತಿ ಬೆಳೆಸಿಕೊಳ್ಳಲಾರದು. ವಿಷವಲ್ಲದ ದಾರಿಗಳಿಂದ ಸತ್ತ ಕೀಡೆಗಳಲ್ಲಿ ಗಟ್ಟಿಯವೂ ಇರುತ್ತವೆ, ಅವುಗಳ ಸಂತಾನ ಅಲ್ಲಿಗೇ ನಿಲ್ಲುತ್ತದೆ. ಹೀಗಾಗಿ ನಮ್ಮ ಸೀಮೆಯ ಹಳೆಯ ಉಪಾಯವೊಂದಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ: ತೊಗರಿಯ ಸಾಲಿನಲ್ಲಿ ತಾಡಪತ್ರಿ ಹಾಸಿ ಗಿಡ ಅಲ್ಲಾಡಿಸಿ ಕೀಡೆ ಉದುರಿಸುವುದು. ಎಣ್ಣೆಗೆ ಸಾಯದ ಬಲಿತ ಕೀಡೆಯೂ ಉದುರುತ್ತದೆ. ಇಬ್ಬರು ಹಾಸಿದ್ದನ್ನು ಎಳೆಯಲು, ಇಬ್ಬರು ಅಲ್ಲಾಡಿಸಲು ಬೇಕು. ಕೂಲಿ ತುಟ್ಟಿ ಎಂಬುದು ನಿಜ, ಆದರೆ ಒಂದು ಒಳ್ಳೆಯ ಬಾಟಲಿಯ ಬೆಲೆಯ ಪಕ್ಕದಲ್ಲಿಟ್ಟು ನೋಡಿ.

ಬೇವಿನ ಬೀಜವನ್ನು ಜೂನ್-ಜುಲೈನಲ್ಲಿ ಆಯ್ದು ನೆರಳಿನಲ್ಲಿ ಒಣಗಿಸಿಡಿ. 5 ಕಿಲೊ ಬೀಜದ ತಿರುಳು ಕುಟ್ಟಿ 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಸಾಬೂನಿನ ಪುಡಿ ಸೇರಿಸಿ 100 ಲೀಟರ್ ಮಾಡಿದರೆ ಕಷಾಯ ಸಿದ್ಧ. ಎನ್‌ಪಿವಿ ಎಂಬ ನಂಜಾಣುವಿನ ದ್ರಾವಣ ಸಿಕ್ಕರೆ ಎಕರೆಗೆ 100 ಎಲ್‌ಇ (ರೋಗ ಹತ್ತಿದ ಕೀಡೆಗಳ ಲೆಕ್ಕದಲ್ಲಿ ಹೇಳುವ ಅಳತೆ), ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಕೂಡಿಸಿ ಇಳಿಹೊತ್ತಿನಲ್ಲಿ ಹೊಡೆಯಿರಿ. ಬಿಸಿಲು ಅದನ್ನು ಕೊಲ್ಲುತ್ತದೆ. ರೋಗ ಹತ್ತಿದ ಕೀಡೆ ಕೊಂಬೆಯಿಂದ ತಲೆಕೆಳಗಾಗಿ ಜೋತುಬೀಳುತ್ತದೆ.

ಹಕ್ಕಿ ಕೂರಲು ತೊಗರಿಯ ನಡುವೆ ಅಲ್ಲಲ್ಲಿ ಜೋಳದ ಕಾಳು ಬಿತ್ತಿದರೆ ಸಾಕು. ಎಳ್ಳಮಾವಾಸ್ಯೆಗೆ ಚರಗ (ಹೊಲಕ್ಕೆ ಎರಚುವ ನೈವೇದ್ಯ) ಚೆಲ್ಲುವ ಹೊತ್ತಿಗೆ ಕಡಲೆ ಕಾಯಿಗಟ್ಟುತ್ತಿರುತ್ತದೆ, ತೊಗರಿಯಲ್ಲಿ ಕೊನೆಯ ಕೀಡೆಗಳಿರುತ್ತವೆ. ಚರಗಕ್ಕೆ ಬಂದ ಹಕ್ಕಿ ಅಲ್ಲಿಗೇ ನಿಲ್ಲುವುದಿಲ್ಲ. ಆ ವಾರ ಹೊಲಕ್ಕೆ ವಿಷ ಹೊಡೆಯದಿರುವುದು ಲೇಸು.

ಹತ್ತಿಯವರಿಗೆ ಮುಖ್ಯವಾದದ್ದು ಬೇರೆ. ಹೆಣ್ಣಿನ ವಾಸನೆಯಿಂದ ಗಂಡು ಪತಂಗವನ್ನು ಸೆಳೆಯುವ ಮೋಹಕ ಬಲೆಯಲ್ಲಿ ಮೂರು ದಿನ ಸತತ ಎಂಟೆಂಟು ಗುಲಾಬಿ ಕಾಯಿಕೊರಕದ ಪತಂಗ ಬಿದ್ದರೆ ಕ್ರಮ ಕೈಗೊಳ್ಳಿ. ಜನವರಿ ದಾಟಿಸಿ ಬೆಳೆ ಎಳೆಯಬೇಡಿ. ಕಟ್ಟಿಗೆಯನ್ನು ಬದುವಿನಲ್ಲಿ ಒಟ್ಟಿದರೆ ಮುಂದಿನ ಮುಂಗಾರಿನ ಕೊರಕವನ್ನು ನೀವೇ ಕಾಯ್ದಿಟ್ಟಂತಾಗುತ್ತದೆ.

ಹೆಜ್ಜೆ 6: ಪಕ್ಕದವರ ಹೊಲವೂ ನಿಮ್ಮದೇ

ಪತಂಗಕ್ಕೆ ಬದು ಗೊತ್ತಿಲ್ಲ. ನೀವು ಸರದಿ ಪಾಲಿಸಿ, ಪಕ್ಕದವರು ಅದೇ ಗುಂಪನ್ನು ನಾಲ್ಕು ಸಲ ಹೊಡೆದರೆ ಅವರ ಗಟ್ಟಿ ಕೀಡೆಗಳು ನಿಮ್ಮಲ್ಲಿಗೆ ಬರುತ್ತವೆ. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಸಂಜೆ ಅಕ್ಕಪಕ್ಕದ ಹತ್ತು ಮಂದಿ ಕೂತು ‘ಈ ತಿಂಗಳು ಯಾವ ಗುಂಪು’ ಎಂದು ಗೊತ್ತುಮಾಡಿಕೊಳ್ಳಿ, ಹೋಬಳಿಯ ರೈತ ಸಂಪರ್ಕ ಕೇಂದ್ರದವರನ್ನೂ ಕರೆಯಿರಿ. ಒಂದೇ ಅಂಗಡಿಯಿಂದ ಒಟ್ಟಾಗಿ ತಂದರೆ ಬೆಲೆಯೂ ಇಳಿಯುತ್ತದೆ, ಕೊಟ್ಟದ್ದನ್ನೇ ಒಯ್ಯಬೇಕಾದ ಇಕ್ಕಟ್ಟೂ ಇರುವುದಿಲ್ಲ.

ಒಂದು ವಹಿ ಇಡಿ. ತಾರೀಖು, ಹೊಲ, ತಾಂತ್ರಿಕ ಹೆಸರು, ಗುಂಪು, ಎಷ್ಟು ಪಂಪು, ಮೂರು ದಿನದ ಮೇಲೆ ಹತ್ತು ಗಿಡದಲ್ಲಿ ಉಳಿದ ಕೀಡೆ ಎಷ್ಟು. ಹಿಂದೆ ಹೇಳಿದ ಐದು ಏಳಾಗುವ ವ್ಯತ್ಯಾಸ ಗೊತ್ತಾಗದಿದ್ದರೂ, ಏಳು ಹದಿನೈದಾದದ್ದು ಈ ವಹಿಯಲ್ಲಿ ಸಿಕ್ಕಿಬೀಳುತ್ತದೆ.

ರಾಶಿ ಮುಗಿದ ಮೇಲೆ ಮಾಗಿ ಉಳುಮೆ ಬಾಕಿ ಇರುತ್ತದೆ. ಕೋಶಗಳು ಮಣ್ಣಿನ ಮೇಲ್ಪದರದಲ್ಲಿ, ನೆಲದಿಂದ ಕೆಲವೇ ಇಂಚು ಕೆಳಗೆ ಇರುತ್ತವೆ. ಎರೆಮಣ್ಣು ಗಟ್ಟಿಯಾಗಿ ಬಿರುಕು ಬಿಡುವ ಮುನ್ನ, ಕಡಲೆ ಕಿತ್ತ ಬೆನ್ನಿಗೇ ಒಮ್ಮೆ ರಂಟೆ ಹೊಡೆಸಿ.